ಹಿಮಕ್ಕೆ ಹೊಸ ಕಂಬಳಿ

ಯಾತ್ರೆಗೆ ಜನರನ್ನು ಕರೆದುಕೊಂಡು ಹೋಗುವ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಚನ್ನಗಿರಿಯ ನಮ್ಮ ಮನೆಗೆ ಬರುತ್ತಾರೆ. ಬಂದವರು ಪೆನ್ನು ತೆಗೆದುಕೊಂಡೇ ಕೂರುತ್ತಾರೆ. "ಕೇದಾರದ ಕಡೆ ಹಿಮ ಬೀಳೋ ಕಾಲದಾಗೆ ಹೋದ್ರೆ ಏನೇನು ಕಟ್ಕೋಬೇಕು ಹೇಳ್ರಿ, ಬರ್ಕೋತೀವಿ" ಎನ್ನುತ್ತಾರೆ. ನಾನು ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಎದ್ದು ಹೋಗುವಾಗ ಅವರ ಮುಖ ನೋಡಿದರೆ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಕಾಣುತ್ತದೆ. ತಪ್ಪು ಅವರದಲ್ಲ. ಇಷ್ಟು ವರ್ಷ ಆ ಕೆಲಸ ಮಾಡಿದ ನನಗೇ ಅದು ಪೂರ್ತಿ ಬಗೆಹರಿದಿಲ್ಲ. ಆದದ್ದನ್ನು ಆದಂತೆ ಬರೆದಿಡುತ್ತೇನೆ. ಬೇಕಾದದ್ದನ್ನು ಅವರೇ ಆರಿಸಿಕೊಳ್ಳಲಿ.

ನಾನು ಕೆಲಸಕ್ಕೆ ಸೇರಿದ್ದು ಮೂವತ್ತರ ದಶಕದ ಮೊದಲ ವರ್ಷಗಳಲ್ಲಿ. ಹೊನ್ನಾಳಿಯ ಮರುಳಪ್ಪನವರು ಯಾತ್ರೆಯ ತಂಡ ಕಟ್ಟುತ್ತಿದ್ದರು. ಅವರು ಮೊದಲನೇ ಯುದ್ಧದಲ್ಲಿ ಬಸ್ರಾದ ಕಡೆ ಸೈನ್ಯದ ಉಗ್ರಾಣದಲ್ಲಿದ್ದು ಬಂದವರು. ಎದ್ದ ಕೂಡಲೇ ಹಾಸಿಗೆ ಸುತ್ತಬೇಕು, ಸುತ್ತಿದ ಹಾಸಿಗೆಯ ಅಂಚು ಗೋಡೆಗೆ ನೇರವಾಗಿರಬೇಕು, ಚೊಂಬು ಬಲಗಡೆ, ಚಪ್ಪಲಿ ಎಡಗಡೆ. ನನ್ನನ್ನು ಗುಮಾಸ್ತ ಎಂದು ಕರೆಯುತ್ತಿದ್ದರೂ ಬರೆಯುವ ಕೆಲಸ ಸ್ವಲ್ಪವೇ. ಯಾತ್ರಿಕರ ಗಂಟು ಬಿಚ್ಚಿಸುವುದು, ನೋಡುವುದು, ಬೇಡದ್ದನ್ನು ತೆಗೆಸುವುದು, ಮತ್ತೆ ಕಟ್ಟಿಸುವುದು ನನ್ನ ಕೆಲಸ. ಜನ ನನ್ನನ್ನು ಬೆನ್ನ ಹಿಂದೆ 'ಗಂಟಿನ ಶಿವಣ್ಣ' ಎನ್ನುತ್ತಿದ್ದರು. ಆಮೇಲಾಮೇಲೆ ಎದುರಿಗೇ ಎನ್ನತೊಡಗಿದರು.

ಬೇಸಿಗೆಯ ಯಾತ್ರೆಗೆ ಏನು ಕಟ್ಟಬೇಕು ಎಂಬುದು ಮರುಳಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ತೊಡಕು ಬಂದದ್ದು ದೀಪಾವಳಿಯ ಯಾತ್ರೆಯಿಂದ. ದೀಪಾವಳಿ ಕಳೆಯುತ್ತಲೇ ಕೇದಾರದ ಗುಡಿಯ ಬಾಗಿಲು ಹಾಕುತ್ತಾರೆ. ಆರು ತಿಂಗಳು ಯಾರೂ ಹೋಗುವಂತಿಲ್ಲ. ದೇವರ ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿ ಕೆಳಗಿನ ಊರಿಗೆ ತರುತ್ತಾರೆ. ಬಾಗಿಲು ಹಾಕುವ ಮೊದಲು ಒಳಗೆ ಹಚ್ಚಿಟ್ಟ ದೀಪ, ಮತ್ತೆ ತೆಗೆಯುವ ದಿನದವರೆಗೂ ಉರಿಯುತ್ತಿರುತ್ತದೆ ಎಂದು ನಂಬಿಕೆ. ಆ ದೀಪ ನೋಡಬೇಕೆಂದು ನಮ್ಮ ಕಡೆಯ ಕೆಲವರು ದುಂಬಾಲು ಬಿದ್ದರು. ಮರುಳಪ್ಪನವರು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ನನ್ನನ್ನು ಕರೆದು, "ಶಿವಣ್ಣ, ಆ ಹೊತ್ತಿಗೆ ಹಿಮ ಬೀಳಾಕೆ ಶುರುವಾಗಿರ್ತೈತಂತೆ. ಹಿಮ ಅಂದ್ರೆ ಹೆಂಗಿರ್ತೈತೆ ಅಂತ ಕೇಳ್ಕೊಂಡು ಬಾ" ಎಂದರು.

ಕೇಳುವುದು ಯಾರನ್ನು? ಹೊನ್ನಾಳಿಯಿಂದ ಜಗಳೂರಿನವರೆಗೆ ಹಿಮ ಬೀಳುವುದನ್ನು ಕಂಡವರು ಒಬ್ಬರೂ ಇರಲಿಲ್ಲ. ಚನ್ನಗಿರಿಯ ಶಾಲೆಯ ಮೇಷ್ಟ್ರು, ಅದು ಅರಳೆಯ ಹಾಗೆ ಹಗುರವಾಗಿ ಉದುರುತ್ತದೆ, ಕೊಡವಿದರೆ ಹೋಗುತ್ತದೆ ಎಂದರು. ಮರುಳಪ್ಪನವರು ತಾವೇ ಬೇಸಿಗೆಯಲ್ಲಿ ಬೆಟ್ಟದ ಸಂದಿಯಲ್ಲಿ ಉಳಿದಿದ್ದ ಹಳೆಯ ಹಿಮ ನೋಡಿದ್ದರು. ಅದು ಹರಳುಪ್ಪಿನ ಹಾಗೆ, ಕಾಲಿಟ್ಟರೆ ಕರಕರ ಎನ್ನುತ್ತದೆ ಎಂದರು. ಹೊನ್ನಾಳಿಯ ಕಾಂಪೌಂಡರು ದಾವಣಗೆರೆಯ ಸೋಡಾ ಅಂಗಡಿಯಲ್ಲಿ ಮರದ ಹೊಟ್ಟಿನೊಳಗೆ ಇಟ್ಟಿದ್ದ ಮಂಜುಗಡ್ಡೆ ಕಂಡಿದ್ದರು; ಜಾರಿದರೆ ಸೊಂಟ ಮುರಿಯುತ್ತದೆ ಎಂದರು. ಅರಳೆಯಾದರೆ ಕೊಡೆ ಸಾಕು. ಉಪ್ಪಾದರೆ ದಪ್ಪ ಅಟ್ಟೆಯ ಮೆಟ್ಟು ಬೇಕು. ಗಡ್ಡೆಯಾದರೆ ಮೊಳೆ ಬಡಿದ ಕೋಲು ಬೇಕು. ಮೂರನ್ನೂ ಬರೆದುಕೊಂಡು ಹೋಗಿ ಯಜಮಾನರ ಮುಂದೆ ನಿಂತೆ. ಅವರು ಬಹಳ ಹೊತ್ತು ಯೋಚಿಸಿ, "ಮೂರೂ ಇರ್ಲಿ. ಎಲ್ಲಾದಕ್ಕೂ ಮ್ಯಾಲೆ ಕಂಬಳಿ ಇರ್ಲಿ. ಕಂಬಳಿ ಇದ್ರೆ ಯಾವ ಹಿಮ ಏನು ಮಾಡ್ತೈತೆ?" ಎಂದರು.

ಮೂವರು ಹೇಳಿದ್ದೂ ನಿಜವೇ ಎಂದು ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ. ಬೀಳುವಾಗ ಅದು ಅರಳೆ. ಬಿದ್ದು ಒಂದು ದಿನ ಕಳೆದರೆ ಉಪ್ಪು. ಜನ ತುಳಿದ ಜಾಗದಲ್ಲಿ ಗಡ್ಡೆ. ಆದರೆ ಅದು ಮೈಮೇಲೆ ಬಿದ್ದು ಕರಗಿದಾಗ ನೀರಾಗುತ್ತದೆ ಎಂಬ ಸರಳ ಸಂಗತಿಯನ್ನು ಆ ಮೂವರಲ್ಲಿ ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಹೊರಡುವ ಮುಂಚೆ ಹೊನ್ನಾಳಿಯ ಛತ್ರದ ಅಂಗಳದಲ್ಲಿ ತಪಾಸಣೆ ನಡೆಯುತ್ತಿತ್ತು. ಪ್ರತಿಯೊಬ್ಬರೂ ತಮ್ಮ ಗಂಟನ್ನು ತಾವೇ ಹೊತ್ತು ಅಂಗಳ ಸುತ್ತಬೇಕು. ಉಸಿರು ಕಟ್ಟಿದರೆ ಏನನ್ನಾದರೂ ತೆಗೆಯಬೇಕು, ಮತ್ತೆ ಸುತ್ತಬೇಕು. ಇದು ಮರುಳಪ್ಪನವರ ಕಾಯಿದೆ. ಇಂದಿಗೂ ಇದಕ್ಕಿಂತ ಒಳ್ಳೆಯ ಕಾಯಿದೆ ನನಗೆ ಕಾಣದು. ಹೊಸಬರು ಪಟ್ಟಿ ಮರೆತರೂ ಈ ಸುತ್ತು ಮರೆಯಬಾರದು.

ಆ ವರ್ಷ ಅಂಗಳದಲ್ಲಿ ಗಂಟುಗಳು ಬಿಚ್ಚಿಕೊಂಡಾಗ ಮದುವೆಯ ಮನೆಗೆ ಬಂದ ಹಾಗಾಯಿತು. ಎಲ್ಲವೂ ಹೊಸತು. ಹೊಸ ಕಂಬಳಿ, ಹೊಸ ಪಂಚೆ, ಹೊಸ ಸೀರೆ, ಹೊಸ ಮೆಟ್ಟು. ನಮ್ಮ ಕಡೆ ಯಾರಾದರೂ ಕೇದಾರಕ್ಕೆ ಹೊರಟರೆ ನೆಂಟರಿಷ್ಟರು ಬಂದು ಹೊಸ ಕಂಬಳಿ ಹೊದಿಸಿ ಕಾಲು ಮುಟ್ಟಿ ಕಳಿಸುತ್ತಾರೆ. ಅದನ್ನು ಬಿಟ್ಟು ಹೋಗುವುದು ಕೊಟ್ಟವರಿಗೆ ಮಾಡುವ ಅವಮಾನ. ದೇವರ ಬಳಿಗೆ ಹರಿದದ್ದನ್ನು, ಹಳೆಯದನ್ನು ಉಟ್ಟು ಹೋಗುವುದಂತೂ ಯಾರಿಗೂ ಸರಿ ಕಾಣದು.

ನ್ಯಾಮತಿಯ ರುದ್ರಪ್ಪನವರು ದವಸದ ವ್ಯಾಪಾರಿ, ದೊಡ್ಡ ಮೈಯ ಮನುಷ್ಯ. ಶಿವಮೊಗ್ಗದಿಂದ ಹೊಸ ಬೂಟು ತರಿಸಿದ್ದರು. ಅಂಗಳದಲ್ಲಿ ಅರ್ಧ ಸುತ್ತುವುದರೊಳಗೆ ಕುಂಟತೊಡಗಿದರು.

"ಸಾವ್ಕಾರ್ರೆ, ನಿಮ್ಮ ಹಳೇ ಮೆಟ್ಟು ಎಲ್ಲೈತೆ?" ಎಂದೆ.

"ಮನ್ಯಾಗೈತೆ. ಯಾಕೆ?"

"ಅದನ್ನೇ ಹಾಕ್ಕೊಳ್ರಿ."

"ಏನ್ರೀ ಗಂಟಿನ ಶಿವಣ್ಣಾರೆ! ಅಂಗಡ್ಯಾಗೆ ಮೂಟೆ ತುಳಿದ ಮೆಟ್ಟು ಮೆಟ್ಕೊಂಡು ದೇವ್ರ ಹತ್ರ ಹೋಗ್ಲಾ? ದೇವ್ರು ಏನಂತಾನೆ? ಸಾಲ ಕೇಳಾಕೆ ಬಂದಾನೆ ಇವ್ನು ಅಂತಾನೆ."

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬೂಟು ಉಳಿಯಿತು.

ಆಮೇಲೆ ಜಗಳೂರಿನ ಗಂಗಮ್ಮ ಬಂದರು. ಐವತ್ತರ ಹತ್ತಿರದ ವಯಸ್ಸು, ಹೈನದ ಮನೆಯವರು, ಮಾತಿನಲ್ಲಿ ಯಾರಿಗೂ ಸೋಲದವರು. ಅವರ ಗಂಟು ಚಿಕ್ಕದು. ಆದರೆ ಬಗಲಲ್ಲಿ ಬಟ್ಟೆ ಸುತ್ತಿದ ತಗಡಿನ ಡಬ್ಬಿ ಒಂದಿತ್ತು.

"ಅದರಾಗೆ ಏನೈತಮ್ಮಾ?" ಎಂದು ಮರುಳಪ್ಪನವರು ಕೇಳಿದರು.

"ತುಪ್ಪ."

"ಊಟಕ್ಕಾ?"

"ಅಲ್ರಿ. ಬಾಗ್ಲು ಹಾಕೋ ದಿನ ಹಚ್ತಾರಲ್ಲ, ಆ ದೀಪಕ್ಕೆ."

"ತುಪ್ಪ ಅಲ್ಲೇ ಸಿಗ್ತೈತಮ್ಮಾ. ಹೊರೋದು ಯಾಕೆ?"

"ಅಲ್ಲಿ ಸಿಗೋದು ಅಲ್ಲಿಯೋರ ತುಪ್ಪ. ನಮ್ಮನೆ ಆಕಳದು ಅಲ್ಲಿ ಹೆಂಗ್ ಸಿಗ್ತೈತೆ?"

ಗಂಗಮ್ಮನವರ ಮಗಳು ಮೊದಲ ಹೆರಿಗೆಯಲ್ಲಿ ಸಾಯುವ ಸ್ಥಿತಿಗೆ ಹೋಗಿ ಉಳಿದಿದ್ದಳು. ಆಗ ಹೊತ್ತ ಹರಕೆ ಅದು. ಕೇದಾರದ ದೀಪಕ್ಕೆ ತಮ್ಮ ಮನೆಯ ತುಪ್ಪ ಮುಟ್ಟಿಸುವವರೆಗೆ ತಾನು ತುಪ್ಪ ಉಣ್ಣುವುದಿಲ್ಲ ಎಂದು ಅವರು ಹಾಲಿಗೆ ಹೆಪ್ಪು ಹಾಕುವ ಕೈಯಲ್ಲೇ ಆಣೆ ಮಾಡಿದ್ದರು. ಡಬ್ಬಿಯನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಅದನ್ನು ಬಗಲಲ್ಲಿಟ್ಟುಕೊಂಡೇ ಅವರು ಮೂರು ಸಾರಿ ಅಂಗಳ ಸುತ್ತಿದರು. ಉಸಿರು ಸ್ವಲ್ಪವೂ ಕಟ್ಟಲಿಲ್ಲ. ನನ್ನ ಪಟ್ಟಿಯಲ್ಲಿ ನಾಲ್ಕು ಬಾಬುಗಳಿದ್ದವು: ಉಡುವುದು, ಉಣ್ಣುವುದು, ಔಷಧಿ, ಪೂಜೆ. ಪೂಜೆಯ ಬಾಬಿಗೆ ವಿಭೂತಿ, ಬಿಲ್ವದ ಪುಡಿ, ಊದುಬತ್ತಿ ಎಂದಷ್ಟೇ ಇತ್ತು. ತುಪ್ಪವನ್ನೂ ಅದರ ಕೆಳಗೆ ಸೇರಿಸಿದೆ.

ಹರಿಹರದಲ್ಲಿ ರೈಲು ಹತ್ತಿದೆವು. ರೈಲಿನ ಕಥೆ ಇಲ್ಲಿ ಬೇಡ. ಬೆಟ್ಟದ ಬುಡದಿಂದ ಬಸ್ಸು ಹೋಗುವಷ್ಟು ದೂರ ಹೋಗಿ, ಮುಂದೆ ನಡೆದೆವು. ಅಲ್ಲಿ ದಾರಿಯುದ್ದಕ್ಕೂ ಯಾತ್ರಿಕರು ತಂಗುವ ಕಲ್ಲಿನ ಕೊಟ್ಟಿಗೆಯಂಥ ಅಂಗಡಿಮನೆಗಳಿರುತ್ತವೆ, ಚಟ್ಟಿ ಎನ್ನುತ್ತಾರೆ. ಅಂಗಡಿಯಲ್ಲಿ ಹಿಟ್ಟು ಬೇಳೆ ಕೊಂಡರೆ ಪಾತ್ರೆ ಕೊಟ್ಟು ಮಲಗಲು ಜಾಗ ಕೊಡುತ್ತಾರೆ. ಹತ್ತುತ್ತ ಹೋದಂತೆ ನನ್ನ ಪಟ್ಟಿ ಒಂದೊಂದಾಗಿ ಕೈಕೊಡತೊಡಗಿತು. ತೊಗರಿಬೇಳೆ ಬೇಯಲೇ ಇಲ್ಲ. ಒಲೆ ಉರಿಸಿದಷ್ಟೂ ನೀರು ಕುದಿಯುತ್ತದೆ, ಬೇಳೆ ಮಾತ್ರ ಕಲ್ಲು. ಬೆಂಕಿ ಸಾಲದೆಂದು ಗಂಗಮ್ಮ ನನ್ನನ್ನು ಬೈದರು, ಬೇಳೆ ಹಳೆಯದೆಂದು ನಾನು ರುದ್ರಪ್ಪನವರನ್ನು ಬೈದೆ, ನ್ಯಾಮತಿಯ ಬೇಳೆಗೆ ಹೆಸರಿಡುತ್ತೀರಾ ಎಂದು ಅವರು ಇಬ್ಬರನ್ನೂ ಬೈದರು. ಎತ್ತರದಲ್ಲಿ ಎಲ್ಲ ಬೇಳೆಯ ಹಣೆಬರಹವೂ ಅದೇ ಎಂದು ಚಟ್ಟಿಯವನು ನಕ್ಕು ಹೇಳಿದ. ಹೊಸಬರು ಬೇಳೆ ಹೊರಬೇಡಿ. ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಒಣ ರೊಟ್ಟಿ, ಚಟ್ನಿಪುಡಿ ಸಾಕು. ಕೊಬ್ಬರಿ ಎಣ್ಣೆ ಶೀಶೆಯಲ್ಲೇ ಗಟ್ಟಿಯಾಯಿತು, ಹರಳೆಣ್ಣೆ ಆಗಲಿಲ್ಲ. ಬೆಂಕಿಪೊಟ್ಟಣ ಮೆತ್ತಗಾಯಿತು, ಅದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು ಮೇಣ ಹಚ್ಚಬೇಕು. ಬಿಸಿಲು ಬಿದ್ದ ಹಿಮ ನೋಡಿ ಕಣ್ಣು ಉರಿಯತೊಡಗಿತು. ನಮ್ಮನ್ನು ಕರೆದೊಯ್ಯುತ್ತಿದ್ದ ಬೆಟ್ಟದ ಹಮಾಲಿ ಬೀರಸಿಂಗ್ ಬಾಣಲೆಯ ಮಸಿ ತೆಗೆದು ಎಲ್ಲರ ಕಣ್ಣಿನ ಕೆಳಗೆ ದಪ್ಪಗೆ ಬಳಿದ. ರುದ್ರಪ್ಪನವರು, "ಈಗ ನಮ್ಮನ್ನ ನೋಡಿದ್ರೆ ದೇವ್ರೇ ಬಾಗ್ಲು ಹಾಕ್ಕೋತಾನೆ" ಎಂದರು. ಆದರೆ ಉರಿ ಕಡಿಮೆಯಾಯಿತು.

ಬಿಸಿನೀರಿನ ಬುಗ್ಗೆ ಇರುವ ಗೌರಿಕುಂಡ ಮುಟ್ಟುವಷ್ಟರಲ್ಲಿ ತಂಡದ ಹೆಚ್ಚಿನವರು ಜ್ವರ, ಕೆಮ್ಮು ಎಂದು ಮಲಗಿದರು. ಅಲ್ಲಿಂದ ಮೇಲಕ್ಕೆ ಒಂದೇ ದೊಡ್ಡ ಏರು ಉಳಿದಿತ್ತು. ಮಾರನೆಯ ದಿನ ಬೆಳಿಗ್ಗೆ ಬಾಗಿಲು ಹಾಕುವುದಿತ್ತು. ಮರುಳಪ್ಪನವರು ಮಲಗಿದವರ ಜೊತೆ ಉಳಿದರು. "ಹೋಗೋ ಶಕ್ತಿ ಇದ್ದೋರು ಶಿವಣ್ಣನ ಜತೆ ಹೋಗ್ರಿ. ಆಕಾಶ ಕೆಟ್ರೆ ತಿರುಗಿ ಬಂದ್ಬಿಡ್ರಿ" ಎಂದರು. ಹೊರಟವರು ಗಂಗಮ್ಮ, ರುದ್ರಪ್ಪನವರು, ನಾನು, ಬೀರಸಿಂಗ್. ನಮ್ಮ ಮೂವರಿಗೂ ಎರಡೆರಡು ಹೊಸ ಕಂಬಳಿ, ಒಂದು ದಿನದ ಬುತ್ತಿ. ಗಂಗಮ್ಮನವರ ಬಗಲಲ್ಲಿ ಡಬ್ಬಿ.

ಆಕಾಶ ಕೆಟ್ಟಿತು. ಆದರೆ ಅರ್ಧಕ್ಕಿಂತ ಹೆಚ್ಚು ಏರಿದ ಮೇಲೆ ಕೆಟ್ಟಿತು. ತಿರುಗಬೇಕೋ ಮುಂದೆ ಹೋಗಬೇಕೋ ತಿಳಿಯದ ಜಾಗ ಅದು. ಹಿಮ ಮೊದಲು ಮೇಷ್ಟ್ರು ಹೇಳಿದ ಹಾಗೆಯೇ ಬಿತ್ತು, ಅರಳೆ. ಗಂಗಮ್ಮ ಅಂಗೈ ಚಾಚಿ ನೋಡಿ, "ಇಷ್ಟೇನಾ!" ಎಂದರು. ಕಂಬಳಿಯನ್ನು ತಲೆಯ ಮೇಲಿಂದ ಗೊಪ್ಪೆ ಹಾಕಿಕೊಂಡು ನಡೆದೆವು. ನಮ್ಮ ಕಡೆ ಸೋನೆ ಮಳೆಯಲ್ಲಿ ಕುರಿಯವರು ಹಾಗೆಯೇ ಓಡಾಡುತ್ತಾರೆ. ಹೊಸ ಕಂಬಳಿಯ ಮೇಲೆ ನೀರು ನಿಲ್ಲದೆ ಜಾರಿ ಹೋಗುತ್ತದೆ. ಯಾಕೆಂದರೆ ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ಉಜ್ಜಿರುತ್ತಾರೆ. ಆ ಬಿಗಿಯನ್ನೇ ನೋಡಿ ನಾವು ಕಂಬಳಿ ಕೊಳ್ಳುವುದು.

ಆದರೆ ಹಿಮ ಜಾರಿ ಹೋಗಲಿಲ್ಲ. ಕೂತಿತು. ಮೈಯ ಬಿಸಿಗೆ ನಿಧಾನವಾಗಿ ಕರಗಿತು. ಗಂಜಿ ಅದನ್ನು ಕುಡಿಯಿತು. ಮೊದಲು ಕಂಬಳಿ ಲೋಳೆಯಾಯಿತು, ಕೈಗೆ ಅಂಟಿತು. ಆಮೇಲೆ ಭಾರವಾಯಿತು. ಗಾಳಿ ಬೀಸಿದ ಮೇಲೆ ಹೊರಗಿನ ಪದರ ಹೆಪ್ಪುಗಟ್ಟಿತು. ಸ್ವಲ್ಪ ಹೊತ್ತಿನಲ್ಲಿ ನಾವು ಮೂವರೂ ಬಾಗಿಲಿನ ಹಲಗೆಗಳನ್ನು ಹೊತ್ತು ನಡೆಯುತ್ತಿದ್ದಂತಿತ್ತು. ಮಡಿಸಲು ಬಾರದು, ಸುತ್ತಿಕೊಳ್ಳಲು ಬಾರದು. ಒಳಗೆ ಅಂಗಿಯೂ ಒದ್ದೆ. ಬೀರಸಿಂಗ್ ಒಂದು ಹರಕು ಕಂಬಳಿ ಹೊದ್ದಿದ್ದ. ತೊಳೆದು ತೊಳೆದು ಅದು ಬೆಕ್ಕಿನ ಮರಿಯಷ್ಟು ಮೆತ್ತಗಾಗಿತ್ತು. ಆಗಾಗ ಕೊಡವುತ್ತಿದ್ದ, ಹಿಮ ಉದುರುತ್ತಿತ್ತು. ಅವನು ನಮ್ಮ ಕಂಬಳಿಗಳನ್ನು ಬೆರಳಿನಿಂದ ತಟ್ಟಿ ನೋಡಿ, ಇದೇನು ಮರದಿಂದ ಮಾಡಿದ್ದೇ ಎಂದು ಕೇಳಿದ.

ಹೀಗಾಗಿ ಹೊಸಬರಿಗೆ ನನ್ನ ಮೊದಲ ಮಾತು: ಹಿಮಕ್ಕೆ ಹೊಸತೇನನ್ನೂ ಒಯ್ಯಬೇಡಿ. ಕಂಬಳಿಯಾದರೆ ನಾಲ್ಕು ಮಳೆಗಾಲ ಕಂಡಿರಬೇಕು, ಗಂಜಿ ಹೋಗಿರಬೇಕು. ಮೆಟ್ಟು ಕಾಲಿಗೆ ಪಳಗಿರಬೇಕು. ನೆಂಟರು ಹೊದಿಸಿದ ಕಂಬಳಿಯನ್ನು ಹರಿಹರದವರೆಗೆ ಹೊದ್ದುಕೊಂಡು ಹೋಗಿ, ಅಲ್ಲಿ ಯಾರ ಕೈಯಲ್ಲಾದರೂ ಮನೆಗೆ ಕಳಿಸಿ. ಈ ಮಾತನ್ನು ಎಷ್ಟು ವರ್ಷ ಹೇಳಿದೆನೋ. ಎಲ್ಲರೂ ತಲೆಯಾಡಿಸುತ್ತಾರೆ, ಹೊಸತನ್ನೇ ತರುತ್ತಾರೆ.

ರುದ್ರಪ್ಪನವರು ದಾರಿಯಲ್ಲಿ ನಿಂತುಬಿಟ್ಟರು. "ಶಿವಣ್ಣ, ನನ್ನ ಕಾಲು ಎಲ್ಲೈತೆ ನೋಡ್ರಿ" ಎಂದರು. ತಮಾಷೆ ಎಂದುಕೊಂಡೆ. ಅವರ ಮುಖ ನೋಡಿದೆ, ತಮಾಷೆ ಅಲ್ಲ. ಹೊಸ ಬೂಟು ಒದ್ದೆಯಾಗಿ ಬಿಗಿದುಕೊಂಡಿತ್ತು. ಮುಂದೆ ಒಂದು ಚಟ್ಟಿ ಕಂಡಿತು. ಬೀರಸಿಂಗ್ ಮತ್ತು ನಾನು ಅವರನ್ನು ಎರಡೂ ಕಡೆ ಹಿಡಿದು ಅಲ್ಲಿಗೆ ಎಳೆದುಕೊಂಡು ಹೋದೆವು. ಚಟ್ಟಿ ಖಾಲಿ. ಬಾಗಿಲು ಹಾಕುವ ಕಾಲವಾದ್ದರಿಂದ ಅಂಗಡಿಯವನು ಗಂಟು ಕಟ್ಟಿಕೊಂಡು ಕೆಳಗೆ ಹೋಗಿದ್ದ. ಮೂಲೆಯಲ್ಲಿ ಸ್ವಲ್ಪ ಸೌದೆ ಬಿಟ್ಟಿದ್ದ, ಅದೂ ತೇವ. ಬೂಟು ಕೊಯ್ದು ತೆಗೆದಾಗ ರುದ್ರಪ್ಪನವರ ಪಾದ ಬೆಳ್ಳಗೆ, ಗಟ್ಟಿಯಾಗಿ, ಮೇಣದ ಪಾದದ ಹಾಗಿತ್ತು. ಬೀರಸಿಂಗ್ ತನ್ನ ಅಂಗಿ ಎತ್ತಿ ಆ ಪಾದಗಳನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಕೂತ. ಬೆಂಕಿ ಹೊತ್ತಿಸಿ, ಇವರಿಗೆ ಬಿಸಿ ಕುಡಿಸಿ, ಇಲ್ಲದಿದ್ದರೆ ಬೆಳಗು ಕಾಣುವುದಿಲ್ಲ ಎಂದು ನನಗೆ ಹೇಳಿದ.

ಗೌರಿಕುಂಡದಲ್ಲಿ ಕೊಂಡಿದ್ದ ಬೆಂಕಿಕಡ್ಡಿಗಳನ್ನು ಒಂದಾದ ಮೇಲೊಂದು ಗೀರಿದೆ. ಸೌದೆ ಹೊಗೆಯಾಡಿತು, ಹತ್ತಲಿಲ್ಲ. ಒಣ ರೊಟ್ಟಿ ಕಟ್ಟಿದ್ದ ಬಟ್ಟೆ ಸುಟ್ಟೆ; ಅದು ಉರಿದು ಬೂದಿಯಾಯಿತು, ಸೌದೆ ಹಾಗೇ ಇತ್ತು. ಬೀರಸಿಂಗ್ ಗಂಗಮ್ಮನವರ ಬಗಲಿನ ಕಡೆ ಗದ್ದ ಎತ್ತಿ, "ಘೀ" ಎಂದ. ಮತ್ತೆ ಅಂದ.

ಗಂಗಮ್ಮನವರಿಗೆ ಹಿಂದೂಸ್ತಾನಿ ಬಾರದು. ಆದರೂ ಅರ್ಥವಾಯಿತು. ಡಬ್ಬಿಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡರು.

"ಬ್ಯಾಡ್ರಿ," ಎಂದರು ರುದ್ರಪ್ಪನವರು. ಹಲ್ಲು ಕಟಕಟ ಎನ್ನುತ್ತಿತ್ತು. "ನನ್ನ ಕಾಲಿಗೋಸ್ಕರ ದೇವ್ರ ತುಪ್ಪ ಬ್ಯಾಡ. ಆ ಪಾಪ ನಂಗೆ ಬ್ಯಾಡ."

"ನೀವು ಸುಮ್ಕಿರ್ರಿ ಸಾವ್ಕಾರ್ರೆ. ನಿಮ್ಮನ್ನ ಯಾರು ಕೇಳಿದ್ರು?" ಎಂದು ಗಂಗಮ್ಮ ನನ್ನ ಕಡೆ ತಿರುಗಿದರು. "ಶಿವಣ್ಣ, ನೀನು ತಿಳಿದೋನು. ಎಲ್ಲಾದಕ್ಕೂ ಕಾಯ್ದೆ ಹೇಳ್ತಿ. ಈಗ ಹೇಳಪ್ಪ. ನನ್ನ ಮಗಳ ಜೀವ ಈ ಡಬ್ಬ್ಯಾಗೈತೆ. ಏನು ಮಾಡ್ಲಿ?"

ಗಂಟಿನ ವಿಷಯದಲ್ಲಿ ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ನಿಂತದ್ದು ಅದೇ ಮೊದಲು. ಹರಕೆಯನ್ನು ಮುರಿಯಿರಿ ಎನ್ನಲು ನಾನು ಯಾರು? ಮುರಿಯಬೇಡಿ ಎಂದರೆ ಎದುರಿಗೆ ಮನುಷ್ಯ ಮಲಗಿದ್ದಾನೆ. "ಗೊತ್ತಾಗ್ತಿಲ್ಲ ಗಂಗಮ್ಮಾರೆ" ಎಂದೆ.

ಅವರು ಕೂತು ಡಬ್ಬಿಯ ಬಟ್ಟೆ ಬಿಚ್ಚಿದರು. ತುಪ್ಪ ಕಲ್ಲಾಗಿತ್ತು, ಬೆರಳು ಇಳಿಯಲಿಲ್ಲ. "ಸಾವ್ಕಾರ್ರೆ, ನಿಮ್ಮ ಅಡಕತ್ತರಿ ಎಲ್ಲಿ?" ಎಂದರು. ರುದ್ರಪ್ಪನವರ ಸೊಂಟದ ಸಂಚಿಯಿಂದ ನಾನೇ ತೆಗೆದುಕೊಟ್ಟೆ. ಅಡಕತ್ತರಿಯ ಮೊನೆಯಿಂದ ತುಪ್ಪ ಕೆತ್ತಿದರು. ದೀಪಕ್ಕೆಂದು ಜಗಳೂರಿನಲ್ಲಿ ಕೂತು ಹೊಸೆದಿದ್ದ ಬತ್ತಿಗಳನ್ನೆಲ್ಲ, ಅಂಗೈಯಲ್ಲಿ ತಿಕ್ಕಿ ಮೆತ್ತಗಾದ ತುಪ್ಪದಲ್ಲಿ ಹೊರಳಿಸಿ ಸೌದೆಯ ಸಂದಿಗಳಲ್ಲಿ ಸಿಕ್ಕಿಸಿದರು. ಕಡ್ಡಿ ಗೀರುವ ಮುಂಚೆ ಕೈ ಮುಗಿದು ಏನೋ ಅಂದುಕೊಂಡರು. ಏನೆಂದು ಕೇಳಿಸಲಿಲ್ಲ. ಬತ್ತಿ ಹತ್ತಿತು. ಸೌದೆ ಸಿಡಿಯಿತು, ಹೊಗೆ ಬಿಟ್ಟಿತು, ಆಮೇಲೆ ಉರಿಯಿತು. ಉರಿ ತಗ್ಗಿದಾಗಲೆಲ್ಲ ಅವರು ಇನ್ನಷ್ಟು ತುಪ್ಪ ಹಾಕುತ್ತಿದ್ದರು. ಕೈಯಲ್ಲಿ ಲೋಭವಿರಲಿಲ್ಲ, ಉಣಬಡಿಸುವವರ ಹಾಗೆ ಹಾಕಿದರು.

ರುದ್ರಪ್ಪನವರು ಕಾಲನ್ನು ಬೆಂಕಿಗೆ ಚಾಚಲು ಹೋದರು. ಬೀರಸಿಂಗ್ ಗದರಿಸಿ ಎಳೆದುಕೊಂಡ. ಹೊಸಬರು ಇದನ್ನು ನೆನಪಿಡಬೇಕು: ಮರಗಟ್ಟಿದ ಕಾಲನ್ನು ಬೆಂಕಿಗೆ ಹಿಡಿಯಬಾರದು, ತಿಕ್ಕಬಾರದು. ಮನುಷ್ಯನ ಮೈಯ ಬಿಸಿಯೇ ಅದಕ್ಕೆ ಸಾಕು. ಬೆಂಕಿ ಬೇಕಾದದ್ದು ಬೆಲ್ಲದ ನೀರು ಕಾಯಿಸುವುದಕ್ಕೆ, ಬಟ್ಟೆ ಆರಿಸುವುದಕ್ಕೆ. ಸಂಜೆಯ ಹೊತ್ತಿಗೆ ರುದ್ರಪ್ಪನವರು ನೋವೆಂದು ಕಿರುಚತೊಡಗಿದರು. ಬೀರಸಿಂಗ್ ನಕ್ಕ. ಗಂಗಮ್ಮ, "ಕೂಗ್ರಿ, ಕೂಗ್ರಿ! ಕಾಲು ಬಂತು" ಎಂದರು. ಡಬ್ಬಿಯ ತಳ ಕಾಣುತ್ತಿತ್ತು.

ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಮೇಲಕ್ಕೆ ಹೋಗುವುದೋ ಕೆಳಕ್ಕೋ ಎಂದು ನಾವು ಯೋಚಿಸುತ್ತಿರುವಾಗಲೇ ಮೇಲಿನಿಂದ ಕಹಳೆಯ ಸದ್ದು, ಡೋಲಿನ ಸದ್ದು ಕೇಳಿಸಿತು. ಬಾಗಿಲು ಹಾಕಿ ಪಲ್ಲಕ್ಕಿ ಹೊರಟಿತ್ತು. ಹಿಮ ತುಳಿಯುತ್ತ ಜನ ಇಳಿದು ಬರುತ್ತಿದ್ದರು. ನಾವು ದಾರಿಯ ಬದಿಗೆ ನಿಂತೆವು. ರುದ್ರಪ್ಪನವರು ಬೀರಸಿಂಗನ ಬೆನ್ನ ಮೇಲೆ. ಗಂಗಮ್ಮ ಖಾಲಿ ಡಬ್ಬಿ ಹಿಡಿದು. ಪಲ್ಲಕ್ಕಿ ನಮ್ಮ ಮುಂದೆಯೇ ಹಾದು ಹೋಯಿತು. ಇಷ್ಟು ದೂರ ಯಾರನ್ನು ನೋಡಲು ಬಂದೆವೋ ಆತನೇ ಎದುರಿಗೆ ಬಂದು ಹೋದ. ಕೈ ಮುಗಿಯುವುದನ್ನು ನಾನು ಮರೆತೇಬಿಟ್ಟಿದ್ದೆ.

ಪಲ್ಲಕ್ಕಿಯ ಹಿಂದೆ ಬರುತ್ತಿದ್ದ ವಯಸ್ಸಾದ ಅಯ್ಯನವರು ಗಂಗಮ್ಮನವರ ಸೀರೆಯ ಕಟ್ಟು ನೋಡಿ ನಿಂತರು.

"ಯಾವೂರವ್ವಾ?" ಎಂದರು.

ಕನ್ನಡ! ಆ ಗುಡಿಯ ಪೂಜೆಯವರು ನಮ್ಮ ಸೀಮೆಯಿಂದಲೇ ಹೋದವರು ಎಂದು ಕೇಳಿದ್ದೆ. ಆದರೂ ಆ ಹಿಮದಲ್ಲಿ ಆ ಮಾತು ಕೇಳಿದಾಗ ನಾನು ಎಲ್ಲಿದ್ದೇನೆಂಬುದೇ ಒಂದು ಗಳಿಗೆ ತಿಳಿಯಲಿಲ್ಲ.

"ಜಗಳೂರ್ರಿ ಅಯ್ನೋರೆ" ಎಂದರು ಗಂಗಮ್ಮ. "ದೀಪ ಹಚ್ಚಿದ್ರಾ?"

"ಹಚ್ಚಿದ್ವಿ ತಾಯಿ."

"ಯಾರ ಮನೆ ತುಪ್ಪದಾಗೆ?"

ಅಯ್ಯನವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಯಾರದು ಅಂತ ಹೇಳ್ಲವ್ವ? ಬಂದ ತುಪ್ಪ ಎಲ್ಲಾ ಒಂದೇ ಕೊಪ್ಪರಿಗೆಗೆ ಸುರೀತೀವಿ. ಯಾಕೆ?"

ಗಂಗಮ್ಮ ನಡೆದದ್ದನ್ನೆಲ್ಲ ಹೇಳಿದರು. ಹೇಳಿ, "ನನ್ನ ಹರಕೆ ಏನಾತು?" ಎಂದರು. ಅಯ್ಯನವರು ಬೀರಸಿಂಗನ ಬೆನ್ನ ಮೇಲಿದ್ದ ರುದ್ರಪ್ಪನವರನ್ನು ನೋಡಿದರು, ಡಬ್ಬಿಯನ್ನು ನೋಡಿದರು, ನನ್ನನ್ನೂ ನೋಡಿದರು. ಪಲ್ಲಕ್ಕಿ ಮುಂದೆ ಹೋಗುತ್ತಿತ್ತು. "ನಡೀರಿ, ಕೆಳಗೆ ಹೋಗಾಣ. ಮತ್ತೆ ಹಿಮ ಬರ್ತೈತೆ" ಎಂದಷ್ಟೇ ಹೇಳಿ ಗಂಗಮ್ಮನವರ ಕೈಯಿಂದ ಅವರ ಗಂಟನ್ನು ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. ಡಬ್ಬಿಯನ್ನು ಗಂಗಮ್ಮ ಕೊಡಲಿಲ್ಲ. ಇಳಿಯುವ ದಾರಿಯುದ್ದಕ್ಕೂ ಅದನ್ನು ಬಗಲಲ್ಲೇ ಹಿಡಿದಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ಕಣ್ಣಿನ ಕೆಳಗಿನ ಮಸಿಯಲ್ಲಿ ಗೊತ್ತಾಗಲಿಲ್ಲ.

ರುದ್ರಪ್ಪನವರ ಉಗುರುಗಳು ಹೋದವು, ಬೆರಳುಗಳು ಉಳಿದವು. ಗಂಗಮ್ಮನವರ ಮಗಳು ಚೆನ್ನಾಗಿದ್ದಳು, ಆಮೇಲೆ ಇನ್ನೆರಡು ಹೆತ್ತಳು. ಆದರೂ ಗಂಗಮ್ಮ ತುಪ್ಪ ಉಣ್ಣುವುದನ್ನು ಶುರು ಮಾಡಲಿಲ್ಲ ಎಂದು ಕೇಳಿದೆ. ತೀರಿತೋ ಇಲ್ಲವೋ ತಿಳಿಯದ ಹರಕೆ. ಉಂಡರೆ ತಪ್ಪೋ, ಉಣ್ಣದಿದ್ದರೆ ತಪ್ಪೋ.

ಮರುಳಪ್ಪನವರು ಪಟ್ಟಿ ತಿದ್ದಿಸಿದರು. ಎರಡನೇ ಯುದ್ಧ ಬಂತು. ರೈಲಿನಲ್ಲಿ ಸಿಪಾಯಿಗಳೇ ತುಂಬಿ ನಮ್ಮ ಯಾತ್ರೆ ನಿಂತಿತು. ಯುದ್ಧ ಮುಗಿದ ಮೇಲೆ ದಾವಣಗೆರೆಯ ಸಂತೆಗೆ ಸೈನ್ಯದ ಹಳೆಯ ಉಣ್ಣೆ ಕೋಟು, ಬೂಟು ರಾಶಿ ರಾಶಿಯಾಗಿ ಬಂದವು. ನನಗೆ ಬಹಳ ಸಂತೋಷವಾಯಿತು. ಹಿಮಕ್ಕೆಂದೇ ಹೊಲಿದವು, ಯಾರೋ ತೊಟ್ಟು ಪಳಗಿಸಿದವು, ಅಗ್ಗ. ಒಂದು ಗಾಡಿ ತಂದು ಛತ್ರದಲ್ಲಿ ಹರವಿದೆ. ಬಸವಾಪಟ್ಟಣದಿಂದ ಬಂದ ಅಜ್ಜಿಯೊಬ್ಬರು ಒಂದು ಕೋಟು ಎತ್ತಿ ಮೂಸಿ ನೋಡಿ, "ಇದನ್ನ ತೊಟ್ಟೋನು ಬದುಕ್ಯಾನೋ ಸತ್ತಾನೋ?" ಎಂದು ಕೇಳಿದರು. ಯಾರಿಗೆ ಗೊತ್ತು? ಅಷ್ಟೇ ಸಾಕಾಯಿತು. ಯಾರೂ ಮುಟ್ಟಲಿಲ್ಲ. ಹೊಸತು ಬೇಡ ಎಂದು ನಾನು, ಹಳೆಯದು ಬೇಡ ಎಂದು ಅವರು. ಕೊನೆಗೆ ಒಂದು ಉಪಾಯ ಕಂಡೆವು: ತಮ್ಮ ಮನೆಯಲ್ಲೇ ತಾವೇ ಹೊದ್ದ ಹಳೆಯ ಕಂಬಳಿಯನ್ನು ಕೆರೆಯಲ್ಲಿ ಚೆನ್ನಾಗಿ ಒಗೆದು, ಅಂಚಿಗೆ ಹೊಸ ಕೆಂಪು ನೂಲು ಹೊಲಿಸಿ ತರುವುದು. ಇದಕ್ಕೆ ಕೆಲವರು ಒಪ್ಪಿದರು.

ಯುದ್ಧದ ನಂತರದ ಮೊದಲ ದೀಪಾವಳಿಯ ಯಾತ್ರೆಗೆ ನ್ಯಾಮತಿಯಿಂದ ರುದ್ರಪ್ಪನವರು ಒಂದು ಡಬ್ಬಿ ತುಪ್ಪ ಕಳಿಸಿದರು. "ಜಗಳೂರಿನ ಗಂಗಮ್ಮಾರ ಹೆಸ್ರಾಗೆ ಸುರಿಸ್ರಿ. ಅವ್ರ ಹರಕೆ ನನ್ನ ಕಾಲಾಗೈತೆ" ಎಂದು ಹೇಳಿ ಕಳಿಸಿದ್ದರು. ಗಂಗಮ್ಮನವರಿಗೆ ತಿಳಿಸಬೇಕೆಂದು ಜಗಳೂರಿಗೆ ಹೋದೆ. ಅವರು ಕೇಳಿ, "ಅದ್ಹೆಂಗಾತದೆ ಶಿವಣ್ಣ? ಆಕಳು ಅವ್ರದು, ತುಪ್ಪ ಅವ್ರದು, ನನ್ನ ಹೆಸ್ರು ಹೇಳಿದ್ರೆ ದೇವ್ರಿಗೆ ಸುಳ್ಳು ಹೇಳಿದಂಗೆ. ಅವ್ರ ಹೆಸ್ರೇ ಹೇಳು" ಎಂದರು. ನ್ಯಾಮತಿಗೆ ಹೋದರೆ ರುದ್ರಪ್ಪನವರು ಒಪ್ಪಲಿಲ್ಲ. "ನಂದು ಅಂದ್ರೆ ನಾನು ಎರಡು ಸಾರಿ ಆಕೆ ತುಪ್ಪ ತಿಂದಂಗೆ" ಎಂದರು.

ಆ ಸಾರಿ ನಾನು ಬಾಗಿಲು ಹಾಕುವ ಹಿಂದಿನ ದಿನವೇ ಮೇಲೆ ತಲುಪಿದೆ. ಕಂಬಳಿಗಳು ಹಳೆಯವು, ಮೆಟ್ಟುಗಳು ಪಳಗಿದವು, ಬೇಳೆ ಇಲ್ಲ, ಬೆಂಕಿಕಡ್ಡಿಗೆ ಮೇಣ. ನನ್ನ ತಂಡದಲ್ಲಿ ಒಬ್ಬರೂ ಕುಂಟಲಿಲ್ಲ. ಅದೇ ಅಯ್ಯನವರು ಕೊಪ್ಪರಿಗೆಯ ಬಳಿ ಕೂತಿದ್ದರು. ಒಲೆಯ ಬಳಿ ಇಟ್ಟು ತುಪ್ಪ ಕರಗಿಸಿ ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ನನ್ನ ಕಡೆ ನೋಡಿದರು.

"ಯಾರ ಹೆಸ್ರಾಗೆ?"

ನಾನು ಜಗಳೂರು ಎನ್ನಲು ಬಾಯಿ ತೆರೆದೆ. ನ್ಯಾಮತಿ ಎನ್ನಬೇಕೆನಿಸಿತು. ಎರಡೂ ಊರಿನವರ ಮುಖ ಕಣ್ಣ ಮುಂದೆ ಬಂತು. ನನ್ನ ಹಿಂದೆ ಡಬ್ಬಿ, ಚೊಂಬು, ಗಿಂಡಿ ಹಿಡಿದ ಜನರ ಸಾಲು ನಿಂತಿತ್ತು, ಹೊರಗೆ ಹಿಮ ಬೀಳತೊಡಗಿತ್ತು. ಅಯ್ಯನವರು ಇನ್ನೊಂದು ಗಳಿಗೆ ಕಾದರು. ಆಮೇಲೆ ಡಬ್ಬಿಯನ್ನು ಎಲ್ಲರ ತುಪ್ಪ ಸೇರಿದ್ದ ಕೊಪ್ಪರಿಗೆಗೆ ಬಗ್ಗಿಸಿ ಸುರಿದುಬಿಟ್ಟರು.